ಊರಿಗೆ ಬೇಕಿರುವುದು ಹೆಸರೋ, ಐದಂಕಿಯೋ?

ಅಮೆರಿಕದ ಕಾಂಗ್ರೆಸ್ಸಿನಲ್ಲಿ 2025ರಲ್ಲಿ ಎಚ್.ಆರ್. 3095 ಎಂಬ ಮಸೂದೆ ಮಂಡನೆಯಾಯಿತು. ಇಂತಿಂಥ ಊರುಗಳಿಗೆ ಅವಕ್ಕಷ್ಟೇ ಮೀಸಲಾದ ಒಂದೊಂದು ಜಿಪ್ ಕೋಡ್ (ನಮ್ಮ ಪಿನ್ ಇದ್ದಂತೆ, ಐದಂಕಿಯದು) ಕೊಡಬೇಕು, ಅದೂ 270 ದಿನದೊಳಗೆ, ಎಂದು ಅಂಚೆ ಸೇವೆಗೆ ಅಪ್ಪಣೆ ಮಾಡುವ ಮಸೂದೆ. ನಮ್ಮಲ್ಲಿ ಪಿನ್ ಕೋಡಿಗಾಗಿ ಯಾರೂ ಲೋಕಸಭೆಯ ಬಾಗಿಲು ಬಡಿಯುವುದಿಲ್ಲ. ಅಂಚೆ ಇಲಾಖೆಯ ಕಡತದಲ್ಲೇ ಅದು ಮುಗಿಯುತ್ತದೆ. ಕೊಲೊರಾಡೋ ರಾಜ್ಯದಲ್ಲಿ ಕೂತು ನೋಡಿದರೆ, ಪಕ್ಕದೂರಿನ ಕೋಡಿನಡಿ ನಮ್ಮ ಹೆಸರು ಮುಚ್ಚಿಹೋಗಿದೆ ಎಂಬ ಈ ಊರುಗಳ ದೂರು ಸುಳ್ಳಲ್ಲ ಅನ್ನಿಸುತ್ತದೆ. ರೋಗ ಒಂದು, ಮದ್ದು ಇನ್ನೊಂದು ಆಗಿದೆ, ಅಷ್ಟೇ.

ಇಲ್ಲಿನ ಕ್ಯಾಸಲ್ ಪೈನ್ಸ್ ಊರನ್ನೇ ನೋಡಿ. ಅದು ನಗರವಾಗಿ ರೂಪುಗೊಂಡದ್ದು 2008ರಲ್ಲಿ. ಜಿಪ್ ವ್ಯವಸ್ಥೆ 1963ರದ್ದು. ಊರಿನ ಕೋಡ್ 80108, ಪಕ್ಕದ ಕ್ಯಾಸಲ್ ರಾಕ್ ಜೊತೆ ಹಂಚಿಕೊಂಡದ್ದು. ಆ ಅಂಕಿ ಒತ್ತಿದರೆ ಕಂಪ್ಯೂಟರು ಮೊದಲು ತೋರಿಸುವ ಹೆಸರು ಕ್ಯಾಸಲ್ ರಾಕ್. ಬರೀ ಮಾನಾಪಮಾನದ ಮಾತಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಕೊಲೊರಾಡೋದಲ್ಲಿ ಊರೂರಿಗೂ ಮಾರಾಟ ತೆರಿಗೆಯ ದರ ಬೇರೆ. ಆನ್‌ಲೈನ್ ಮಾರಾಟಗಾರ ಬರೀ ಜಿಪ್ ನೋಡಿ ತೆರಿಗೆ ಹಾಕಿದರೆ ಒಂದೂರಿನ ದುಡ್ಡು ಇನ್ನೊಂದೂರಿನ ಖಜಾನೆಗೆ ಹೋಗುತ್ತದೆ. ವಾಹನ ವಿಮೆಯ ಕಂತೂ ಬಹುಪಾಲು ರಾಜ್ಯಗಳಲ್ಲಿ ಜಿಪ್ ನೋಡಿಯೇ ಏರುತ್ತದೆ, ಇಳಿಯುತ್ತದೆ.

ಇಷ್ಟಾದರೂ ಜಿಪ್ ಊರಿನ ಗಡಿಯಲ್ಲ. ಮೊದಲ ಮೂರು ಅಂಕಿ ಕಾಗದ ವಿಂಗಡಿಸುವ ಕೇಂದ್ರವನ್ನು ಹೇಳುತ್ತವೆ, ಕೊನೆಯ ಎರಡು ಬಟವಾಡೆಯ ಕಚೇರಿಯನ್ನು. ಪೋಸ್ಟ್‌ಮ್ಯಾನ್ ಗಾಡಿ ಯಾವ ಕಚೇರಿಯಿಂದ ಹೊರಟು ಯಾವ ರಸ್ತೆ ಸುತ್ತುತ್ತದೋ ಅದರ ಗುರುತು ಅದು. ನಮ್ಮ ಪಿನ್ ಕೂಡ ಹೀಗೆಯೇ. ಕೊಪ್ಪಳ 1990ರ ದಶಕದ ಕೊನೆಯವರೆಗೂ ರಾಯಚೂರು ಜಿಲ್ಲೆಯಲ್ಲಿತ್ತು. ರಾಯಚೂರಿನ ಪಿನ್ 584101, ಕೊಪ್ಪಳದ್ದು 583231, ಅಂದರೆ ಬಳ್ಳಾರಿ, ಹೊಸಪೇಟೆಗಳ ಸಾಲಿನದು. ಜಿಲ್ಲೆ ಯಾವುದಾದರೇನು, ಅಂಚೆ ಚೀಲ ಹೋಗುವ ದಾರಿಗೆ ತಕ್ಕಂತೆ ಅಂಕಿ.

ವ್ಯತ್ಯಾಸ ಇರುವುದು ವಿಳಾಸ ಬರೆಯುವ ರೀತಿಯಲ್ಲಿ. ನಾವು ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಸಾಲು ಹಚ್ಚಿ ಕೊನೆಗೆ ಪಿನ್ ಬರೆಯುತ್ತೇವೆ. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿಗೆ ಪಿನ್ ಇರುವುದು ಸುಮಾರು 19 ಸಾವಿರ ಮಾತ್ರ. ಹತ್ತು ಹಳ್ಳಿಗೆ ಒಂದೇ ಪಿನ್ ಇದ್ದರೂ ಯಾವ ಹಳ್ಳಿಯ ಹೆಸರೂ ಅಳಿಸಿಹೋಗುವುದಿಲ್ಲ. ಅಮೆರಿಕದ ವಿಳಾಸದಲ್ಲಿ ಕೊನೆಯ ಸಾಲಿನಲ್ಲಿ ಒಂದೇ ಊರಿನ ಹೆಸರಿಗೆ ಜಾಗ, ಆ ಹೆಸರನ್ನು ಜಿಪ್ಪೇ ತಂದು ಕೂರಿಸುತ್ತದೆ. ನಮ್ಮ ರೀತಿ ಉದ್ದ. ಫಾರ್ಮಿನ ಚೌಕಗಳಲ್ಲಿ ಹಿಡಿಸುವುದಿಲ್ಲ. ಮೇಲಾಗಿ ಆ್ಯಪುಗಳು ಬಂದಮೇಲೆ ನಮಗೂ ಅದೇ ಚಾಳಿ ಅಂಟಿದೆ: ಹೊಸಪೇಟೆಯ 583201 ಒತ್ತಿದರೆ, ಹಳೆಯ ಪಟ್ಟಿ ಇಟ್ಟುಕೊಂಡ ಫಾರ್ಮು ವಿಜಯನಗರ ಜಿಲ್ಲೆಯ ಬದಲು ಬಳ್ಳಾರಿಯನ್ನೇ ತುಂಬಿಸುತ್ತದೆ.

ಇನ್ನು ಕಾನೂನಿನಿಂದ ಕೋಡ್ ತಂದರೆ ಏನಾಗುತ್ತದೆ? ಹೊಸ ಅಂಕಿ ಬಂತೆಂದು ಹೊಸ ಅಂಚೆ ಕಚೇರಿ ಬರುವುದಿಲ್ಲ. ಅದೇ ಕಚೇರಿ, ಅದೇ ಗಾಡಿ. ಊರಿನ ಗಡಿ ಒಂದು ರಸ್ತೆಯ ನಡುವೆ ಹಾದುಹೋಗಿದ್ದರೆ ಎಡಬದಿಯ ಮನೆಗಳಿಗೊಂದು ಕೋಡ್, ಬಲಬದಿಗೊಂದು. ಒಂದೇ ಸುತ್ತಿನ ಕಾಗದವನ್ನು ಎರಡು ಕಟ್ಟು ಮಾಡಬೇಕು. ಕೊಲೊರಾಡೋದ ಊರುಗಳು ಪಕ್ಕದ ಬಯಲನ್ನು ಸೇರಿಸಿಕೊಂಡು ಬೆಳೆಯುವಂಥವು. ಗಡಿ ಸರಿದಾಗಲೆಲ್ಲ ಕೋಡೂ ಸರಿಯಬೇಕೇ, ಇನ್ನೊಂದು ಮಸೂದೆ ಬೇಕೇ? ನಿವಾಸಿಗಳ ಪಾಡು ಇನ್ನೊಂದು. ಕಾರ್ಡಿನಲ್ಲಿ ಹಣ ಕಟ್ಟುವಾಗ ನಡೆಯುವ ವಿಳಾಸ ಪರಿಶೀಲನೆ ಮನೆ ಸಂಖ್ಯೆ ಮತ್ತು ಜಿಪ್ ಎರಡನ್ನೂ ತಾಳೆ ನೋಡುತ್ತದೆ. ಆದ್ದರಿಂದ ಮೊದಲು ಬ್ಯಾಂಕಿನಲ್ಲಿ ಬದಲಿಸಿ, ಆಮೇಲೆ ಅಂಗಡಿಗಳ ಖಾತೆಗಳಲ್ಲಿ. ಹಿಂದುಮುಂದಾದರೆ ಪೆಟ್ರೋಲ್ ಪಂಪು ಕೂಡ ಕಾರ್ಡು ಒಪ್ಪದು.

ತಮಾಷೆಯೆಂದರೆ, ಮಸೂದೆ ಊರಿಗೊಂದು ‘ಯುನೀಕ್’ ಜಿಪ್ ಕೇಳುತ್ತದೆ, ಆದರೆ ಅಂಚೆ ಸೇವೆಯ ಪರಿಭಾಷೆಯಲ್ಲಿ ‘ಯುನೀಕ್’ ಜಿಪ್ ಎಂದರೆ ಊರಿನದ್ದಲ್ಲ, ರಾಶಿ ಕಾಗದ ಬರುವ ಒಂದೇ ಸಂಸ್ಥೆಯದ್ದು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಕಂಪನಿಯ 12345 ಅಂಥದ್ದು.

ಕಾನೂನಿಗೆ ಮುಂಚೆ ಹಿಡಿಯಬೇಕಾದ ದಾರಿ ಬೇರೆ ಇದೆ. ಜಿಪ್ ಹಾಗೇ ಇರಲಿ, ಕೊನೆಯ ಸಾಲಿನಲ್ಲಿ ನಮ್ಮೂರ ಹೆಸರೂ ಸಲ್ಲಲಿ ಎಂದು ಕೇಳಬಹುದು. ಅಂಚೆ ಸೇವೆಯ ಪಟ್ಟಿಯಲ್ಲಿ ಒಂದು ಜಿಪ್ಪಿಗೆ ಮುಖ್ಯ ಹೆಸರಿನ ಜೊತೆ ಒಪ್ಪಿತ ಹೆಸರುಗಳೂ ಇರುತ್ತವೆ. ಅದು ಸಾಲದಿದ್ದರೆ ಗಡಿ ಪರಿಶೀಲನೆಗೆ ಲಿಖಿತ ಮನವಿ: 60 ದಿನದಲ್ಲಿ ಉತ್ತರ, ನಿವಾಸಿಗಳ ಸಮೀಕ್ಷೆ, ಉತ್ತರಿಸಿದವರಲ್ಲಿ ಸರಳ ಬಹುಮತ, ತಿರಸ್ಕಾರವಾದರೆ ಮೇಲ್ಮನವಿ. ಇಲ್ಲಿ ಕೈಸೋತವರೇ ಕಾಂಗ್ರೆಸ್ಸಿನ ಮೆಟ್ಟಿಲು ಹತ್ತುತ್ತಾರೆ.

ತೆರಿಗೆಯ ಸೋರಿಕೆಗಂತೂ ಜಿಪ್ಪನ್ನು ಮುಟ್ಟಬೇಕಾದ್ದೇ ಇಲ್ಲ. ಮನೆಯ ವಿಳಾಸವನ್ನು ನಕ್ಷೆಯ ಮೇಲಿಟ್ಟು ದರ ಹೇಳುವ ವ್ಯವಸ್ಥೆಯನ್ನು ಕೊಲೊರಾಡೋ ರಾಜ್ಯವೇ ನಡೆಸುತ್ತಿದೆ. ಮಾರಾಟಗಾರರು ಐದಂಕಿ ಬಿಟ್ಟು ಅದನ್ನು ಬಳಸಬೇಕು.