ಬಡವರಾಗಲು ಬೇಕಾದ ದಾಖಲೆಗಳು

ಕರ್ನಾಟಕದಲ್ಲಿ ಬಡವರು ಯಾರು ಅಂತ ಯಾರಾದರೂ ಕೇಳಿದರೆ ತಲೆ ಕೆರೆದುಕೊಳ್ಳಬೇಕಾಗಿಲ್ಲ. ಸರ್ಕಾರ ಉತ್ತರ ಬರೆದಿಟ್ಟಿದೆ. ಮನೆಮಂದಿಯ ಆದಾಯವೆಲ್ಲ ಸೇರಿ ವರ್ಷಕ್ಕೆ 1.20 ಲಕ್ಷ ರೂಪಾಯಿ ಮೀರಬಾರದು. ತಿಂಗಳಿಗೆ 10 ಸಾವಿರ. ಅಷ್ಟು ಬಂದರೆ ನೀವು ಬಡವರು, ಬಿಪಿಎಲ್ ಕಾರ್ಡಿಗೆ ಅರ್ಜಿ ಹಾಕಬಹುದು. 10,001 ಬಂತೋ, ಆ ಒಂದು ರೂಪಾಯಿ ನಿಮ್ಮನ್ನು ಎತ್ತಿ ಉಳ್ಳವರ ಸಾಲಿನಲ್ಲಿ ಕೂರಿಸುತ್ತದೆ. ಒಂದು ರೂಪಾಯಿಗೆ ಬಡತನ ನೀಗುವ ಇನ್ನೊಂದು ಯೋಜನೆ ಇದ್ದರೆ ಹೇಳಿ ನೋಡೋಣ.

ಈಗ ಇದೇ ಸರ್ಕಾರದ ಇನ್ನೊಂದು ಇಲಾಖೆಯ ಬಾಗಿಲು ತಟ್ಟೋಣ. ಕಾರ್ಮಿಕ ಇಲಾಖೆ. ಇವರ ಕೆಲಸ ಕನಿಷ್ಠ ವೇತನ ಗೊತ್ತು ಮಾಡುವುದು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಮಷೀನ್ ಮುಂದೆ ಕೂತು ಹೊಲಿಯುವ ಹೆಣ್ಣುಮಗಳ ಕನಿಷ್ಠ ವೇತನವೂ 10 ಸಾವಿರ ದಾಟಿದೆ. ಅದಕ್ಕಿಂತ ಕಡಿಮೆ ಕೊಟ್ಟರೆ ಮಾಲೀಕನದು ಅಪರಾಧ ಅಂತ ಕಾರ್ಮಿಕ ಇಲಾಖೆ ಹೇಳುತ್ತದೆ. ಅಷ್ಟು ಸಿಕ್ಕರೆ ನೀನು ಬಡವಿಯೇ ಅಲ್ಲ ಅಂತ ಆಹಾರ ಇಲಾಖೆ ಹೇಳುತ್ತದೆ. ಎರಡನ್ನೂ ಕೂಡಿಸಿ ಓದಿದರೆ ಅರ್ಥ ಒಂದೇ: ವರ್ಷವಿಡೀ ದುಡಿಯುವ ಒಬ್ಬರಿದ್ದ ಮನೆ ಬಡ ಮನೆ ಅನ್ನಿಸಿಕೊಳ್ಳಬೇಕಾದರೆ ಮಾಲೀಕ ಕಾನೂನು ಮುರಿಯಲೇಬೇಕು. ಮುಂದೆ ಯಾವಾಗಲಾದರೂ ಬಿಪಿಎಲ್ ಅರ್ಜಿಯ ಜೊತೆ ಮಾಲೀಕನ ಮೇಲಿನ ಎಫ್‌ಐಆರ್ ಪ್ರತಿ ಲಗತ್ತಿಸಿ ಅಂತ ಕೇಳಿದರೆ ಆಶ್ಚರ್ಯಪಡಬೇಡಿ.

ಹಳ್ಳಿ ಕಡೆಯದೂ ಇದೇ ಕಥೆ. 2025-26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಯಾರೋ ಪುಣ್ಯಾತ್ಮರು ವರ್ಷದ 365 ದಿನವೂ ಕೆಲಸ ಕೊಟ್ಟಿದ್ದರೆ 1.35 ಲಕ್ಷ ಆಗುತ್ತಿತ್ತು, ಕಾರ್ಡ್ ಹೋಗುತ್ತಿತ್ತು. ಸದ್ಯ, ಮನೆಗೆ ಖಾತರಿ ಇದ್ದದ್ದು 100 ದಿನ ಮಾತ್ರ. ಉಳಿದ 265 ದಿನ ಕೆಲಸ ಕೊಡದೆ ಸರ್ಕಾರ ನಮ್ಮ ಜನರ ಕಾರ್ಡು ಕಾಪಾಡಿತು.

ಹಾಗಾದರೆ ರಾಜ್ಯದಲ್ಲಿ ಇಷ್ಟೊಂದು ಬಿಪಿಎಲ್ ಕಾರ್ಡ್ ಹೇಗಿವೆ? ಅದಕ್ಕೇ ನಾಡಕಚೇರಿ ಇರುವುದು. ಅಲ್ಲಿ ಸಿಗುವ ಆದಾಯ ಪ್ರಮಾಣಪತ್ರ ನಮ್ಮ ಕಾಲದ ದೊಡ್ಡ ಕಲ್ಪನಾ ಸಾಹಿತ್ಯ. ಐದು ಜನರ ಸಂಸಾರ ವರ್ಷಕ್ಕೆ 30 ಸಾವಿರದಲ್ಲಿ ಬದುಕುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಕೆಳಗೆ ಮೊಹರು, ಡಿಜಿಟಲ್ ಸಹಿ, ಎಲ್ಲ ಇರುತ್ತದೆ. ಕೊಡುವವರಿಗೂ ಗೊತ್ತು, ತಗೊಳ್ಳುವವರಿಗೂ ಗೊತ್ತು. ಸುಳ್ಳು ಅಂತ ಇಬ್ಬರೂ ಹೇಳುವುದಿಲ್ಲ. ನಿಜ ಬರೆದರೆ ಕಾರ್ಡ್ ಇಲ್ಲ, ಅಲ್ವಾ? ಬಡವರನ್ನು ಸುಳ್ಳು ಹೇಳುವ ಹಾಗೆ ಮಾಡಿ, ಆಮೇಲೆ 'ಬಡವರು ಸುಳ್ಳು ಹೇಳುತ್ತಾರೆ' ಅಂತ ತನಿಖೆಗೆ ಹೊರಡುವುದರಲ್ಲಿ ನಮ್ಮ ಆಡಳಿತಕ್ಕೆ ಒಳ್ಳೆಯ ಅನುಭವವಿದೆ.

ಈ ವಿದ್ಯೆಯನ್ನು ನಾವು ಕಲಿತದ್ದು ದೆಹಲಿಯಿಂದ. 1971ರಲ್ಲಿ 'ಗರೀಬಿ ಹಟಾವೋ' ಅಂತ ಘೋಷಣೆ ಹೊರಟಿತು. ಬಡತನ ಹೋಗಬೇಕಾದರೆ ಮೊದಲು ಅದು ಎಲ್ಲಿದೆ ಅಂತ ಗೊತ್ತಾಗಬೇಕಲ್ಲ? ಅಂಗೈ ಹುಣ್ಣು ನೋಡುವುದಕ್ಕೆ ಕನ್ನಡಿ ಬೇಕು ಅಂತ ತೀರ್ಮಾನವಾಯಿತು. 1979ರಲ್ಲಿ ಒಂದು ತಂಡ ಹಳ್ಳಿಯವರಿಗೆ ದಿನಕ್ಕೆ 2,400 ಕ್ಯಾಲೊರಿ, ಪಟ್ಟಣದವರಿಗೆ 2,100 ಅಂತ ಲೆಕ್ಕ ಹಾಕಿತು. ಆಮೇಲೆ 1993ರಲ್ಲಿ ಲಕ್ಡಾವಾಲಾ ಸಮಿತಿ, 2009ರಲ್ಲಿ ತೆಂಡೂಲ್ಕರ್ ಸಮಿತಿ, 2014ರಲ್ಲಿ ರಂಗರಾಜನ್ ಸಮಿತಿ. ಪ್ರತಿ ಸಮಿತಿಯೂ ಹಿಂದಿನವರ ಬಡತನದ ಗೆರೆ ಅಳಿಸಿ ಹೊಸ ಗೆರೆ ಎಳೆಯಿತು. ಗೆರೆ ಮೇಲೆ ಕೆಳಗೆ ಹೋದ ಹಾಗೆಲ್ಲ ಕೋಟಿಗಟ್ಟಲೆ ಜನ ಕೂತಲ್ಲೇ ಬಡವರಾದರು, ಕೂತಲ್ಲೇ ಉದ್ಧಾರವಾದರು. ಪಾಪ, ಅವರಿಗೆ ಮಾತ್ರ ಎರಡೂ ಗೊತ್ತಾಗಲಿಲ್ಲ.

2011ರ ಸೆಪ್ಟೆಂಬರಿನಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿತು. ಪಟ್ಟಣದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡುವ ಶಕ್ತಿ ಇದ್ದರೆ ಅವನು ಬಡವನಲ್ಲ. ಊಟ, ಬಟ್ಟೆ, ಓದು, ಔಷಧಿ ಎಲ್ಲ ಅದರಲ್ಲೇ. ದೇಶ ನಕ್ಕಿತು, ಬೈದಿತು, ಮರೆಯಿತು. ಮರುವರ್ಷ ಇನ್ನೊಂದು ಸುದ್ದಿ ಹೊರಬಿತ್ತು. ಇದೇ ಆಯೋಗ ದೆಹಲಿಯ ಯೋಜನಾ ಭವನದಲ್ಲಿ ಎರಡು ಶೌಚಾಲಯ ನವೀಕರಿಸಲು ಸುಮಾರು 35 ಲಕ್ಷ ಖರ್ಚು ಮಾಡಿದೆ ಅಂತ ಮಾಹಿತಿ ಹಕ್ಕಿನಲ್ಲಿ ಗೊತ್ತಾಯಿತು. ದಿನಕ್ಕೆ 32 ರೂಪಾಯಿಯ ಹಾಗೆ ಲೆಕ್ಕ ಹಾಕಿದರೆ ಆ ದುಡ್ಡಿನಲ್ಲಿ ಒಬ್ಬ ಮನುಷ್ಯ ಬಡವನಾಗದೆ 300 ವರ್ಷ ಬದುಕಬಹುದಿತ್ತು. ಬರೀ ಮಾಮೂಲಿ ರಿಪೇರಿ ಅಂತ ಆಯೋಗ ಸಮಜಾಯಿಷಿ ಕೊಟ್ಟಿತು. ಇರಬಹುದು. ಬಡತನದ ಬಗ್ಗೆ ಯೋಚನೆ ಮಾಡಲು ಒಳ್ಳೆಯ ಜಾಗ ಬೇಕೇ ಬೇಕು.

2013ರಲ್ಲಿ ಬಡತನ ಶೇ 21.9ಕ್ಕೆ ಇಳಿಯಿತು ಅಂತ ಘೋಷಣೆಯಾಯಿತು. ಕರ್ನಾಟಕದ್ದು ಶೇ 20.91. ನಮ್ಮ ರಾಜ್ಯದ ಹಳ್ಳಿಗಳಿಗೆ ಎಳೆದ ಗೆರೆ ತಲೆಗೆ ತಿಂಗಳಿಗೆ 902 ರೂಪಾಯಿ, ಪಟ್ಟಣಕ್ಕೆ 1,089. ಈ ಲೆಕ್ಕ ನಂಬದವರಿಗೆ ಆಗಿನ ಆಡಳಿತ ಪಕ್ಷದ ಒಬ್ಬ ಸಂಸದರು ಮುಂಬೈಯಲ್ಲಿ 12 ರೂಪಾಯಿಗೆ ಹೊಟ್ಟೆ ತುಂಬ ಊಟ ಸಿಗುತ್ತದೆ ಅಂದರು. ಇನ್ನೊಬ್ಬರು ದೆಹಲಿಯಲ್ಲಿ 5 ರೂಪಾಯಿಗೇ ಸಿಗುತ್ತದೆ ಅಂದರು. ಆಗ ಎಲ್ಲರೂ ಗೇಲಿ ಮಾಡಿದೆವು. ಆದರೆ ನಾಲ್ಕು ವರ್ಷದ ಮೇಲೆ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾಗಿ, 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ನಿಜವಾಗಿಯೂ ಸಿಕ್ಕಿತು. ಅಂದ ಹಾಗೆ ಅಲ್ಲಿನ ಸಾಲಿನಲ್ಲಿ ನಿಲ್ಲುವವರ ಹತ್ತಿರ ಯಾರೂ ಆದಾಯ ಪ್ರಮಾಣಪತ್ರ ಕೇಳುವುದಿಲ್ಲ. ಹಸಿವಾದವರು ಬರುತ್ತಾರೆ, ತಿಂದು ಹೋಗುತ್ತಾರೆ. ಇಷ್ಟು ಸರಳವಾದದ್ದು ಸರ್ಕಾರದ ಕಣ್ಣು ತಪ್ಪಿಸಿ ಹೇಗೆ ಜಾರಿಗೆ ಬಂತೋ ನನಗಂತೂ ಅರ್ಥವಾಗಿಲ್ಲ.

ಯೋಜನಾ ಆಯೋಗ ಹೋಗಿ 2015ರಲ್ಲಿ ನೀತಿ ಆಯೋಗ ಬಂತು. ಇವರು ಜಾಣರು. ರೂಪಾಯಿಯ ಗೆರೆ ಎಳೆದರೆ ತಾನೇ ಜನ ನಗುವುದು? ಗೆರೆಯ ಗೊಡವೆಯೇ ಬೇಡ ಅಂತ 'ಬಹು ಆಯಾಮದ ಬಡತನ' ತಂದರು. ಇದರಲ್ಲಿ 12 ಅಳತೆಗಳಿವೆ. ಮನೆಗೆ ಕರೆಂಟ್ ಇದೆಯಾ, ಶೌಚಾಲಯ ಇದೆಯಾ, ಮಕ್ಕಳು ಶಾಲೆಗೆ ಹೋಗುತ್ತಾರಾ, ಹೀಗೆ. ಕೇಳಬೇಕಾದ ಪ್ರಶ್ನೆಗಳೇ, ಅನುಮಾನವಿಲ್ಲ. ಕೇಳದ ಪ್ರಶ್ನೆ ಒಂದೇ: ನಿಮಗೆ ಎಷ್ಟು ದುಡ್ಡು ಬರುತ್ತದೆ? ಬ್ಯಾಂಕ್ ಖಾತೆ ಇದೆಯಾ ಅಂತ ಕೇಳುತ್ತಾರೆ. ಅದರಲ್ಲಿ ಏನಾದರೂ ಇದೆಯಾ ಅಂತ ಕೇಳುವುದಿಲ್ಲ. ಖಾಲಿ ಪಾಸ್‌ಬುಕ್ ಇದ್ದರೂ 12ರಲ್ಲಿ ಒಂದು ಅಂಕ ಗಟ್ಟಿ. ಸಿಲಿಂಡರಿನ ಪ್ರಶ್ನೆಯಲ್ಲೂ ಹಾಗೇ, ದುಡ್ಡಿಲ್ಲದೆ ಕಳೆದ ತಿಂಗಳು ಅದು ಮೂಲೆ ಸೇರಿತ್ತಾ ಅನ್ನುವುದಕ್ಕೆ ಕಾಲಂ ಇಲ್ಲ. ಹೀಗೆ ಲೆಕ್ಕ ಹಾಕಿ, ಒಂಬತ್ತು ವರ್ಷದಲ್ಲಿ 24.82 ಕೋಟಿ ಜನ ಬಡತನದಿಂದ ಹೊರಬಂದರು ಅಂತ 2024ರ ಜನವರಿಯಲ್ಲಿ ಪ್ರಕಟಿಸಿದರು.

ವಿಶ್ವಬ್ಯಾಂಕೂ ಹಿಂದೆ ಬೀಳಲಿಲ್ಲ. ಭಾರತದಲ್ಲಿ ಕಡು ಬಡತನ 2022-23ರ ಹೊತ್ತಿಗೆ ಶೇ 5.3ಕ್ಕೆ ಇಳಿದಿತ್ತು ಅಂತ 2025ರಲ್ಲಿ ಹೇಳಿತು. ಅವರ ಗೆರೆ ದಿನಕ್ಕೆ ಮೂರು ಡಾಲರ್. ಮೂರು ಡಾಲರ್ ಅಂದರೆ ಇನ್ನೂರೈವತ್ತು ರೂಪಾಯಿ ಅಲ್ವಾ, ಪರವಾಗಿಲ್ಲ ಅಂತ ಖುಷಿಪಡಬೇಡಿ. ಅದು ನಿಮ್ಮ ಅಮೆರಿಕದ ಭಾವಮೈದುನ ಕಳಿಸುವ ಡಾಲರ್ ಅಲ್ಲ. ಇಲ್ಲಿನ ಬೆಲೆಗೆ ಇಳಿಸಿಕೊಂಡ ಲೆಕ್ಕದ ಡಾಲರ್. 2021ರ ಬೆಲೆಯಲ್ಲಿ ಮೂರೂ ಸೇರಿದರೆ 60 ರೂಪಾಯಿ ಆಸುಪಾಸು.

ಬಡತನ ಕಡಿಮೆ ಆಗಿಲ್ಲ ಅಂತ ನಾನು ಹೇಳುತ್ತಿಲ್ಲ. ಆಗಿದೆ. ಮೂವತ್ತು ವರ್ಷದ ಹಿಂದಿನ ಹಳ್ಳಿ ನೋಡಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಮಾಷೆ ಇರುವುದು ಬೇರೆ ಕಡೆ. ಕಡು ಬಡವರು ಶೇ 5.3 ಅಂತ ಸಂಭ್ರಮಿಸುವ ಅದೇ ಕೇಂದ್ರ ಸರ್ಕಾರ 81.35 ಕೋಟಿ ಜನರಿಗೆ ಉಚಿತ ಪಡಿತರ ಕೊಡುತ್ತಿದೆ. 2024ರ ಜನವರಿಯಿಂದ ಇನ್ನೂ ಐದು ವರ್ಷಕ್ಕೆ ವಿಸ್ತರಿಸಿದೆ. ಬಡತನ ಓಡಿಸಿದ ಪೋಸ್ಟರೂ, ಅಕ್ಕಿ ಕೊಡುವ ಪೋಸ್ಟರೂ ಒಂದೇ ಗೋಡೆಯ ಮೇಲೆ ಅಕ್ಕಪಕ್ಕ ಇರುತ್ತವೆ. ಫೋಟೊ ಕೂಡ ಒಂದೇ. ಆ 81 ಕೋಟಿಯೂ 2011ರ ಜನಗಣತಿಯ ಲೆಕ್ಕ. ಅದಾದ ಮೇಲೆ ಹುಟ್ಟಿದ ಮಕ್ಕಳು ಹೈಸ್ಕೂಲಿಗೆ ಬಂದಿದ್ದಾರೆ, ಲೆಕ್ಕಕ್ಕೆ ಬಂದಿಲ್ಲ.

ಬಡತನವನ್ನು ಹೀಗೆ ಅಂಕಿಯಲ್ಲಿ ಓಡಿಸುವುದು ಸುಲಭ. ಬಡವರನ್ನು ಪಟ್ಟಿಯಿಂದ ಓಡಿಸುವುದು ಸ್ವಲ್ಪ ಕಷ್ಟ, ಅವರಿಗೆ ವೋಟಿದೆ. ಇದನ್ನು ನಮ್ಮ ರಾಜ್ಯದಲ್ಲಿ ಪಕ್ಷಭೇದವಿಲ್ಲದೆ ಎಲ್ಲರೂ ಕಲಿತಿದ್ದಾರೆ. 2021ರ ಫೆಬ್ರುವರಿಯಲ್ಲಿ ಆಗಿನ ಆಹಾರ ಸಚಿವ ಉಮೇಶ್ ಕತ್ತಿ, ಟಿವಿ, ಫ್ರಿಜ್, ಬೈಕ್ ಇದ್ದವರು ಮಾರ್ಚ್ ಕೊನೆಯೊಳಗೆ ಬಿಪಿಎಲ್ ಕಾರ್ಡ್ ವಾಪಸ್ ಕೊಡಬೇಕು ಅಂದರು. ಗಲಾಟೆಯಾದ ತಕ್ಷಣ ಅವರದೇ ಸರ್ಕಾರ ಅಂಥದ್ದೇನೂ ಇಲ್ಲ ಅಂದಿತು. 2024ರ ನವೆಂಬರಿನಲ್ಲಿ ಬೇರೆ ಪಕ್ಷದ ಸರ್ಕಾರ. ಈ ಸಲ ಹೇಳಲೂ ಇಲ್ಲ. ಜನ ಅಂಗಡಿಗೆ ಹೋದಾಗ ಕಾರ್ಡ್ ಬಿಪಿಎಲ್‌ನಿಂದ ಎಪಿಎಲ್ ಆಗಿರುವುದು ಗೊತ್ತಾಯಿತು. ಅರ್ಧರಾತ್ರಿ ಯಾರೋ ಬಂದು ಬಡತನ ಕದ್ದೊಯ್ದ ಹಾಗೆ. ಸಾಲಕ್ಕೆ ಬೇಕು ಅಂತ ಐಟಿ ರಿಟರ್ನ್ಸ್ ಸಲ್ಲಿಸಿ, ಒಂದು ಪೈಸೆ ತೆರಿಗೆ ಕಟ್ಟದವರೂ ಶ್ರೀಮಂತರಾಗಿಬಿಟ್ಟಿದ್ದರು. ಮತ್ತೆ ಗಲಾಟೆ. ಸರ್ಕಾರಿ ನೌಕರರು, ತೆರಿಗೆ ಕಟ್ಟುವವರದು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಿ ಅಂತ ಆದೇಶವಾಯಿತು.

ಜನ ಈ ಕಾರ್ಡಿಗೆ ಯಾಕೆ ಇಷ್ಟು ಅಂಟಿಕೊಳ್ಳುತ್ತಾರೆ? ಟಿವಿ ಚರ್ಚೆಗೆ ಬರುವವರು ಅಕ್ಕಿ ಆಸೆಗೆ ಅನ್ನುತ್ತಾರೆ. ಅವರು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಮುಂದೆ ಒಂದು ಅರ್ಧ ಗಂಟೆ ನಿಂತಿಲ್ಲ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರದ್ದು, ಉಳಿದದ್ದು ನಿಮ್ಮದು. ತಿಂಗಳಿಗೆ 15 ಸಾವಿರ ದುಡಿಯುವ ಆಟೋ ಡ್ರೈವರ್ ಇವತ್ತು ಬಡವನಲ್ಲ ನಿಜ. ಅಪ್ಪನಿಗೆ ಹಾರ್ಟ್ ಆಪರೇಷನ್ ಆದ ಮಾರನೆಯ ದಿನ ಅವನು ಬಡವ. ಚಿನ್ನ ಅಡವಿಟ್ಟು, ಸಂಘದಲ್ಲಿ ಸಾಲ ಎತ್ತಿ, ಆಟೋನೂ ಮಾರಿರುತ್ತಾನೆ. ಆಗ ಕಾರ್ಡ್ ಕೇಳಿದರೆ ಹೊಸ ಅರ್ಜಿ ಸದ್ಯಕ್ಕೆ ತಗೊಳ್ಳುತ್ತಿಲ್ಲ ಅನ್ನುತ್ತಾರೆ. ಅದಕ್ಕೇ ಅವನು ಮುಂಚೆಯೇ ಬಡವನಾಗಿ ಇಟ್ಟುಕೊಂಡಿದ್ದಾನೆ. ಇದನ್ನು ಇಲಾಖೆ ವಂಚನೆ ಅನ್ನುತ್ತದೆ. ದೊಡ್ಡವರು ಮಾಡಿದರೆ ಇನ್ಶೂರೆನ್ಸ್.

ಬಡತನಕ್ಕೆ ಕಾರಣವೇನು ಅನ್ನುವುದನ್ನೂ ಈಗ ಪತ್ತೆ ಹಚ್ಚಿಯಾಗಿದೆ. ಸೋಮಾರಿತನವಂತೆ. ಬಿಟ್ಟಿ ಅಕ್ಕಿ ತಿಂದು ಜನ ಕೆಲಸಕ್ಕೆ ಬರುತ್ತಿಲ್ಲವಂತೆ. ಕಟ್ಟಡ ಕಟ್ಟುವ ದೊಡ್ಡ ಕಂಪನಿಯೊಂದರ ಮುಖ್ಯಸ್ಥರು 2025ರಲ್ಲಿ ಇದೇ ಮಾತಾಡಿದರು, ಸರ್ಕಾರದ ಯೋಜನೆಗಳಿಂದ ಕೂಲಿಗೆ ಆಳು ಸಿಗುತ್ತಿಲ್ಲ ಅಂತ. ಕೂಲಿ ಜಾಸ್ತಿ ಮಾಡಿ ನೋಡೋಣ ಅನ್ನುವ ಯೋಚನೆ ಮಾತ್ರ ಯಾರಿಗೂ ಹೊಳೆದ ಹಾಗಿಲ್ಲ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿತು. ವರ್ಷಕ್ಕೆ 1.45 ಲಕ್ಷ ಕೋಟಿ ಖಜಾನೆಗೆ ಖೋತಾ ಅಂತ ಸರ್ಕಾರವೇ ಅಂದಾಜು ಹೇಳಿತು. ಇದರಿಂದ ಕಂಪನಿಗಳು ಸೋಮಾರಿಗಳಾಗುತ್ತವೆ ಅಂತ ಒಬ್ಬರೂ ಚಿಂತೆ ಮಾಡಲಿಲ್ಲ. ಮೇಲಿನವರಿಗೆ ಕೊಟ್ಟರೆ ಉತ್ಸಾಹ ಬರುತ್ತದೆ, ಕೆಳಗಿನವರಿಗೆ ಕೊಟ್ಟರೆ ನಿದ್ದೆ ಬರುತ್ತದೆ. ಐದು ಕೆಜಿ ಅಕ್ಕಿಯಲ್ಲಿ ಅಂಥ ಯಾವ ಅಮಲಿದೆಯೋ, ಅಬಕಾರಿ ಇಲಾಖೆಯವರು ಪರೀಕ್ಷೆ ಮಾಡಿಸಬೇಕು.

ಆ ಸೋಮಾರಿಗಳು ಇವತ್ತು ಬೆಳಿಗ್ಗೆ ಆರಕ್ಕೇ ಎದ್ದು ನ್ಯಾಯಬೆಲೆ ಅಂಗಡಿ ಮುಂದೆ ಸಾಲು ನಿಂತಿದ್ದರು. ಇ-ಕೆವೈಸಿ ಆಗಬೇಕಿತ್ತು. ಬದುಕಿದ್ದೇನೆ ಅಂತ ಬೆರಳಚ್ಚು ಕೊಟ್ಟು ಸಾಬೀತು ಮಾಡಬೇಕು. ಗಾರೆ ಕೆಲಸ ಮಾಡಿದ ಅಜ್ಜಿಯೊಬ್ಬರ ಸರದಿ ಬಂತು. ಹೆಬ್ಬೆಟ್ಟು ಇಟ್ಟರು, ಮಷೀನ್ ಒಪ್ಪಲಿಲ್ಲ. ತೋರುಬೆರಳೂ ಆಗಲಿಲ್ಲ. ಸಿಮೆಂಟು, ಕಲ್ಲು ಹೊತ್ತು ಗೆರೆಯೆಲ್ಲ ಸವೆದಿದ್ದವು. ಅಂಗಡಿಯವನು ಎಣ್ಣೆ ಹಚ್ಚಿಸಿ, ಬಟ್ಟೆಯಲ್ಲಿ ಒರೆಸಿ ಇನ್ನೊಮ್ಮೆ ಇಡಿಸಿದ. ಅಷ್ಟರಲ್ಲಿ ಸರ್ವರ್ ಹೋಯಿತು.

"ಸರ್ವರ್ ಡೌನು ಅಜ್ಜಿ. ನಾಳೆ ಬನ್ನಿ."

"ನಿನ್ನೆನೂ ಹಂಗೇ ಅಂದ್ಯಲ್ಲಪ್ಪ. ನಾಳೆನೂ ಬಂದ್ರೆ ಇನ್ನೊಂದು ದಿನದ ಕೂಲಿ ಹೋಗ್ತದೆ."

"ಹೋಗ್ಲಿ ಬಿಡಿ ಅಜ್ಜಿ," ಅಂದ ಅವನು, ಮಷೀನ್ ಕಡೆಯಿಂದ ಕಣ್ಣು ತೆಗೆಯದೆ. "ಕೂಲಿ ಕಮ್ಮಿ ಆದಷ್ಟೂ ಕಾರ್ಡ್ ಗಟ್ಟಿ."