ನ್ಯಾವಿಗೇಷನ್ ಬಾರ್: ಸಾಫ್ಟ್‌ವೇರ್ ಹಾಕಿಕೊಡಲಿ ಅನ್ನೋಣವಾ, ನಾವೇ ಬರೆಯೋಣವಾ?

ಪರ: ರೆಡಿ ಟೂಲ್ ಇರುವಾಗ ಒದ್ದಾಟ ಯಾಕೆ

ವೆಬ್‌ಸೈಟ್ ಮಾಡುವವರೆಲ್ಲ ಕೋಡ್ ಬರೆಯುವವರಲ್ಲ. ಯಾರೋ ತಾವು ಬಿಡಿಸಿದ ಚಿತ್ರಗಳನ್ನು ನಾಲ್ಕು ಜನ ನೋಡಲಿ ಅಂತ ಸೈಟ್ ಮಾಡುತ್ತಾರೆ, ಇನ್ಯಾರೋ ಮಕ್ಕಳಿಗೆ ಪಾಠದ ಟಿಪ್ಪಣಿ ಹಾಕುವುದಕ್ಕೆ. ಅವರಿಗೆ ಬೇಕಾಗಿರುವುದು ಮುಖಪುಟ, ಪರಿಚಯ, ಸಂಪರ್ಕ ಅಂತ ಐದಾರು ಲಿಂಕ್. ಈ ಲಿಂಕ್‌ಗಳ ಸಾಲೇ ನ್ಯಾವಿಗೇಷನ್ ಬಾರ್, ಅಂದರೆ ಮೆನು. ಆದರೆ ಅವು ಪ್ರತಿ ಪುಟದಲ್ಲೂ ಅದೇ ಜಾಗದಲ್ಲಿ, ಅದೇ ಕ್ರಮದಲ್ಲಿ ಇರಬೇಕು. ಕಷ್ಟ ಇರುವುದು ಈ 'ಪ್ರತಿ ಪುಟದಲ್ಲೂ' ಅನ್ನುವುದರಲ್ಲೇ.

ನನ್ನ ಮೊದಲ ಸೈಟ್‌ನಲ್ಲಿ ಮೂವತ್ತು ಪುಟ ಇದ್ದವು. ಎಲ್ಲದಕ್ಕೂ ಮೆನುವನ್ನು ಕಾಪಿ-ಪೇಸ್ಟ್ ಮಾಡಿದ್ದೆ. ಆಮೇಲೆ ಒಂದು ಹೊಸ ಲಿಂಕ್ ಸೇರಿಸಬೇಕಾಗಿ ಬಂದಾಗ ಇಡೀ ಸಂಜೆ ಕೂತು ಒಂದೊಂದೇ ಫೈಲ್ ತೆರೆದು ತಿದ್ದಿದೆ, ಆದರೂ ಎರಡು ಪುಟ ಕಣ್ತಪ್ಪಿ ಹೋದವು, ಆ ಪುಟಗಳಿಗೆ ಬಂದವರಿಗೆ ಹೊಸ ವಿಭಾಗ ಇದೆ ಅನ್ನುವುದೇ ಗೊತ್ತಾಗಲಿಲ್ಲ. ಫೋಲ್ಡರ್ ಒಳಗಿನ ಪುಟಗಳ ಕಾಟ ಇನ್ನೂ ಜಾಸ್ತಿ. ಅಲ್ಲಿಂದ ಮುಖಪುಟಕ್ಕೆ ಹೋಗುವ ವಿಳಾಸದ ಮುಂದೆ ಎರಡು ಚುಕ್ಕಿ, ಒಂದು ಓರೆಗೆರೆ ಇರಬೇಕು. ಮರೆತರೆ ಲಿಂಕ್ ಒತ್ತಿದವರಿಗೆ ಸಿಗುವುದು 404, ಅಂದರೆ 'ಪುಟ ಸಿಗಲಿಲ್ಲ' ಅನ್ನುವ ಸಂದೇಶ.

ಸೈಟ್ ಮಾಡುವ ಸಾಫ್ಟ್‌ವೇರ್ ಡ್ರೀಮ್‌ವೀವರ್‌ನ ಟೆಂಪ್ಲೇಟ್ (ಎಲ್ಲ ಪುಟಕ್ಕೂ ಆಗುವ ಒಂದು ಅಚ್ಚು) ಕಲಿತ ಮೇಲೆ ಇದೆಲ್ಲ ತಪ್ಪಿತು. ಮೆನು ಟೆಂಪ್ಲೇಟ್‌ನ ಲಾಕ್ ಆದ ಭಾಗದಲ್ಲಿ ಕೂರುತ್ತದೆ, ಪುಟದಿಂದ ಪುಟಕ್ಕೆ ಬದಲಾಗುವ ವಿಷಯಕ್ಕೆ ಮಾತ್ರ ಬೇರೆ ಜಾಗ ಬಿಡುತ್ತೇವೆ. ಟೆಂಪ್ಲೇಟ್‌ನಲ್ಲಿ ಒಂದು ಸಾರಿ ತಿದ್ದಿ ಸೇವ್ ಮಾಡಿದರೆ, ಇದನ್ನು ಬಳಸಿದ ಪುಟಗಳನ್ನೂ ಅಪ್‌ಡೇಟ್ ಮಾಡಲಾ ಅಂತ ಅದೇ ಕೇಳುತ್ತದೆ. ಹೂಂ ಅಂದರೆ ಆಯಿತು, ಪ್ರತಿ ಫೋಲ್ಡರ್‌ಗೂ ತಕ್ಕ ಹಾಗೆ ವಿಳಾಸವನ್ನೂ ಸರಿ ಮಾಡಿಕೊಳ್ಳುತ್ತದೆ. ಸೈಟ್ ನಡೆಸುವ ಇನ್ನೊಂದು ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನಲ್ಲಂತೂ 2010ರ 3.0 ಆವೃತ್ತಿಯಿಂದ ಮೆನುವನ್ನು ಎಳೆದು ಜೋಡಿಸಿದರೆ ಸಾಕು.

ಫೋನಿನ ವಿಷಯಕ್ಕೆ ಬಂದರೆ ನನಗೆ ಅನುಮಾನವೇ ಇಲ್ಲ. ಮೂರು ಗೆರೆಯ ಬಟನ್ ಒತ್ತಿದರೆ ಮೆನು ತೆರೆಯಬೇಕು, ಇನ್ನೊಮ್ಮೆ ಒತ್ತಿದರೆ ಮುಚ್ಚಬೇಕು, ಕೀಬೋರ್ಡ್‌ನಲ್ಲೂ ನಡೆಯಬೇಕು, ಈಗ ತೆರೆದಿದೆಯೋ ಮುಚ್ಚಿದೆಯೋ ಅಂತ ಸ್ಕ್ರೀನ್ ರೀಡರ್‌ಗೆ (ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸಾಫ್ಟ್‌ವೇರ್) ತಿಳಿಯಬೇಕು. ನೋಡಲು ಚಿಕ್ಕದು, ಮಾಡಲು ಹೋದರೆ ಹತ್ತು ಕಡೆ ತಪ್ಪು. 2011ರಲ್ಲಿ ಬಂದ ಬೂಟ್‌ಸ್ಟ್ರ್ಯಾಪ್‌ನಂಥ ರೆಡಿ ಕೋಡ್‌ಗಳಲ್ಲಿರುವ ಬಾರ್‌ಗಳನ್ನು ಎಷ್ಟೋ ಜನ ಬಳಸಿ, ತಪ್ಪು ಹುಡುಕಿ, ತಿದ್ದಿದ್ದಾರೆ. ನಾನೊಬ್ಬಳೇ ರಾತ್ರಿ ಕೂತು ಬರೆದದ್ದು ಅಷ್ಟು ಗಟ್ಟಿಯಾಗಿರಲು ಸಾಧ್ಯವೇ ಇಲ್ಲ. ಆ ಸಮಯವನ್ನು ಪುಟದೊಳಗಿನ ವಿಷಯಕ್ಕೆ ಕೊಟ್ಟರೆ ಓದುಗರಿಗೆ ಲಾಭ, ಅಲ್ವಾ?

ವಿರೋಧ: ಹತ್ತು ಸಾಲಿನ ಕೋಡ್ ನಿಮ್ಮ ಕೈಯಲ್ಲೇ ಇರಲಿ

ಟೂಲ್ ಮೇಲೆ ನನಗೆ ಸಿಟ್ಟಿಲ್ಲ. ಅದು ನಿಂತುಹೋದಾಗ ಏನಾಗುತ್ತದೆ ಅಂತ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಡ್ರೀಮ್‌ವೀವರ್‌ನ ಹಳೆಯ ಆವೃತ್ತಿಗಳಲ್ಲಿ ಇನ್ಸರ್ಟ್ ಮೆನುವಿನಲ್ಲೇ 'ನ್ಯಾವಿಗೇಷನ್ ಬಾರ್' ಅಂತ ಇತ್ತು. ಪ್ರತಿ ಬಟನ್‌ಗೆ ನಾಲ್ಕು ಚಿತ್ರದವರೆಗೆ ಕೊಡಬಹುದಿತ್ತು: ಸುಮ್ನೆ ಇರುವಾಗ ಒಂದು, ಮೌಸ್ ಮೇಲೆ ಬಂದಾಗ ಒಂದು, ಒತ್ತಿದ ಮೇಲೆ ಒಂದು, ಒತ್ತಿದ ಬಟನ್ ಮೇಲೆ ಮತ್ತೆ ಮೌಸ್ ಬಂದರೆ ಇನ್ನೊಂದು. ಆರು ಬಟನ್ ಅಂದರೆ 24 ಚಿತ್ರ. ಅಕ್ಷರಗಳೆಲ್ಲ ಚಿತ್ರದೊಳಗೆ ಸಿಕ್ಕಿಕೊಂಡಿರುತ್ತಿದ್ದವು, ಒಂದು ಕಾಗುಣಿತ ತಪ್ಪಿದ್ದರೆ ಆ ಬಟನ್‌ನ ನಾಲ್ಕೂ ಚಿತ್ರ ಮತ್ತೆ ಮಾಡಬೇಕಿತ್ತು, ಬದಲಿ ಪಠ್ಯ (ಚಿತ್ರದಲ್ಲಿ ಏನಿದೆ ಅಂತ ಕೋಡ್‌ನಲ್ಲಿ ಬರೆಯುವ ಮಾತು) ಬರೆಯದೆ ಬಿಟ್ಟಿದ್ದರೆ ಸ್ಕ್ರೀನ್ ರೀಡರ್‌ಗೆ ಅಲ್ಲಿ ಓದಲು ಅರ್ಥವಾಗುವಂಥದ್ದೇನೂ ಇರುತ್ತಿರಲಿಲ್ಲ. ಮುಂದೆ ಆ ಟೂಲನ್ನೇ ತೆಗೆದರು. ಡ್ರೀಮ್‌ವೀವರ್‌ನಲ್ಲೇ 2007ರಲ್ಲಿ ಸ್ಪ್ರೈ ಅನ್ನುವ ಇನ್ನೊಂದು ರೆಡಿ ಮೆನು ಬಾರ್ ಬಂದಿತ್ತು, 2012ರಲ್ಲಿ ಡ್ರೀಮ್‌ವೀವರ್‌ನ ಕಂಪನಿ ಅಡೋಬಿ ಸ್ಪ್ರೈಯನ್ನೂ ಕೈಬಿಟ್ಟಿತು. ಸೈಟ್ ಮಾಡುವ ಇನ್ನೊಂದು ಸಾಫ್ಟ್‌ವೇರ್, ಮೈಕ್ರೋಸಾಫ್ಟ್‌ನ ಫ್ರಂಟ್‌ಪೇಜ್ ಕೂಡ ಹೋಯಿತು. ಕೋಡ್ ಮುಟ್ಟದೆ ಸೈಟ್ ಮಾಡಿ ಅಂತ ಬಂದ ಅಡೋಬಿ ಮ್ಯೂಸ್‌ಗೆ 2020ರಲ್ಲಿ ಬೆಂಬಲ ನಿಂತಿತು.

ಇಂಥ ಒಂದು ಸೈಟನ್ನು ನಾನು ವಹಿಸಿಕೊಂಡಿದ್ದೆ. ಒಂದು ಲಿಂಕ್‌ನ ಹೆಸರು ಬದಲಿಸಬೇಕಿತ್ತು, ಅಷ್ಟೇ. ಮೆನು ತಯಾರಿಸಿದ ಸಾಫ್ಟ್‌ವೇರ್ ಸಿಗುತ್ತಿರಲಿಲ್ಲ, ಅದು ಬಿಟ್ಟುಹೋದ ಕೋಡ್ ಮನುಷ್ಯರು ಓದುವ ಹಾಗಿರಲಿಲ್ಲ, ಸೈಟ್ ಮಾಡಿದವರಿಗೂ ಅದರೊಳಗೆ ಏನಿದೆ ಅಂತ ತಿಳಿದಿರಲಿಲ್ಲ. ಕೊನೆಗೆ ಪೂರ್ತಿ ಕಿತ್ತು ಹೊಸದಾಗಿ ಬರೆದೆ.

ಬರೆದದ್ದು ಎಷ್ಟು? ಒಂದು ನ್ಯಾವ್ ಟ್ಯಾಗ್, ಒಳಗೆ ಒಂದು ಪಟ್ಟಿ, ಪಟ್ಟಿಯೊಳಗೆ ಆರು ಲಿಂಕ್. ನ್ಯಾವ್ ಟ್ಯಾಗ್ ಅಂದರೆ 'ಇಲ್ಲಿರುವುದು ಮೆನು' ಅಂತ ಬ್ರೌಸರ್‌ಗೆ ಹೇಳುವ ಗುರುತು, ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್‌ನ 5ನೇ ಆವೃತ್ತಿಯ ಜೊತೆ ಬಂದದ್ದು, ಪಟ್ಟಿ ಮತ್ತು ಲಿಂಕ್ ಅದಕ್ಕಿಂತ ಎಷ್ಟೋ ಹಳೆಯವು, ಇವತ್ತಿಗೂ ಎಲ್ಲ ಬ್ರೌಸರ್‌ನಲ್ಲೂ ತೆರೆಯುತ್ತವೆ. ಪುಟ ಹೇಗೆ ಕಾಣಬೇಕು ಅಂತ ಹೇಳುವ ಸಿಎಸ್‌ಎಸ್‌ನಲ್ಲಿ ಪಟ್ಟಿಯ ಚುಕ್ಕಿ ತೆಗೆದು, ಲಿಂಕ್‌ಗಳು ಪಕ್ಕಪಕ್ಕ ಕೂರಲಿ ಅಂತ ಫ್ಲೆಕ್ಸ್ ಕೊಟ್ಟು, ಮಧ್ಯೆ ಸ್ವಲ್ಪ ಜಾಗ ಬಿಟ್ಟು, ಸಾಲು ತುಂಬಿದರೆ ಕೆಳಗಿನ ಸಾಲಿಗೆ ಇಳಿಯಲಿ ಅಂದರೆ ಮುಗಿಯಿತು. ಐದಾರು ಲಿಂಕ್ ಫೋನಿನಲ್ಲಿ ಎರಡು ಸಾಲಾಗಿ ಆರಾಮಾಗಿ ಕೂರುತ್ತವೆ. ಕಣ್ಣೆದುರೇ ಇರಬಹುದಾದ ಲಿಂಕ್‌ಗಳನ್ನು ಮೂರು ಗೆರೆಯ ಹಿಂದೆ ಅಡಗಿಸಿ, ಆಮೇಲೆ ಅದನ್ನು ತೆರೆಯುವುದಕ್ಕೆ ಸ್ಕ್ರಿಪ್ಟ್ ಹುಡುಕುವ ಅಗತ್ಯವೇ ಇಲ್ಲ.

ಮೂವತ್ತು ಪುಟದ ತೊಂದರೆ ನಿಜ, ಒಪ್ಪುತ್ತೇನೆ. ಆದರೆ ಟೆಂಪ್ಲೇಟ್ ತಿದ್ದಿದರೆ ಮೂವತ್ತೂ ಫೈಲ್ ಬದಲಾಗುತ್ತವೆ, ಮೂವತ್ತನ್ನೂ ಮತ್ತೆ ಸರ್ವರ್‌ಗೆ ಏರಿಸಬೇಕು. ಅದರ ಬದಲು ಮೆನುವನ್ನು ಒಂದೇ ಫೈಲ್‌ನಲ್ಲಿಟ್ಟು, ಪ್ರತಿ ಪುಟದಲ್ಲೂ ಒಂದು ಸಾಲಿನ ಪಿಎಚ್‌ಪಿ ಇನ್‌ಕ್ಲೂಡ್‌ನಿಂದ (ಒಂದು ಫೈಲನ್ನು ಪುಟದೊಳಗೆ ತಂದು ಸೇರಿಸು ಅಂತ ಸರ್ವರ್‌ಗೆ ಹೇಳುವ ಸಾಲು) ಕರೆದುಕೊಂಡರೆ, ತಿದ್ದುವುದೂ ಏರಿಸುವುದೂ ಆ ಒಂದು ಫೈಲ್ ಮಾತ್ರ. ವಿಳಾಸಗಳನ್ನು ಓರೆಗೆರೆಯಿಂದ ಶುರು ಮಾಡಿ, ಅಂದರೆ ಸೈಟ್‌ನ ಬುಡದಿಂದ, ಆಗ ಪುಟ ಯಾವ ಫೋಲ್ಡರ್‌ನಲ್ಲಿದ್ದರೂ ಲಿಂಕ್ ಕೆಡುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಮೌಸ್ ಹಿಡಿಯಲಾಗದವರ ವಿಷಯ. ಅವರು ಟ್ಯಾಬ್ ಕೀ ಒತ್ತುತ್ತಾ ಮುಂದೆ ಹೋಗುತ್ತಾರೆ, ಉದ್ದ ಮೆನು ಇದ್ದರೆ ಪ್ರತಿ ಪುಟದಲ್ಲೂ ಅಷ್ಟೂ ಲಿಂಕ್ ದಾಟಿದ ಮೇಲೇ ವಿಷಯ ಸಿಗುತ್ತದೆ. ಅದಕ್ಕೆ ಮೆನುವಿನ ಮುಂಚೆ 'ನೇರ ವಿಷಯಕ್ಕೆ ಹೋಗಿ' ಅಂತ ಒಂದು ಲಿಂಕ್ ಬೇಕು. ನಾನು ತೆರೆದು ನೋಡಿದ ಎಷ್ಟೋ ರೆಡಿ ಮೆನುಗಳಲ್ಲಿ ಅದು ಇರಲಿಲ್ಲ, ಲಿಂಕ್ ಸುತ್ತ ಬರುವ ಗೆರೆಯನ್ನೂ ಚೆಂದಕ್ಕೆ ಅಂತ ತೆಗೆದಿದ್ದರು. ಆ ಗೆರೆ ಹೋದರೆ ತಾವು ಯಾವ ಲಿಂಕ್ ಮೇಲಿದ್ದೇವೆ ಅಂತ ಅವರಿಗೆ ಕಾಣುವುದೇ ಇಲ್ಲ. ನಿಮ್ಮ ಮೆನು ಟೂಲ್‌ನಿಂದಲೇ ಬಂದಿದ್ದರೆ ಇವತ್ತು ಮೌಸ್ ಬದಿಗಿಟ್ಟು ಟ್ಯಾಬ್ ಒತ್ತುತ್ತಾ ನಿಮ್ಮದೇ ಸೈಟಿನ ಕೊನೆಯ ಲಿಂಕ್‌ವರೆಗೆ ಹೋಗಿ ನೋಡಿ. ಮಧ್ಯೆ ಎಲ್ಲಾದರೂ ದಾರಿ ತಪ್ಪಿದರೆ, ಹಳೆಯದರ ಒಂದು ಪ್ರತಿ ಇಟ್ಟುಕೊಂಡು ಕೋಡ್ ತೆರೆಯಿರಿ.