ಗೋಡೆ ಮೇಲಿನ ಗೆರೆ ಉಪಗ್ರಹಕ್ಕೆ ಕಾಣಲ್ಲ

ನಿಮ್ಮ ಲೇಖನದಲ್ಲಿ, ಉಪಗ್ರಹದ ಚಿತ್ರ ಪುಕ್ಕಟೆ ಸಿಗುವಾಗ ನಕ್ಷೆ ಮಾಡಲು ಭೂಗೋಳ ವಿಭಾಗದವರು ಹೊರಗೆ ತಿರುಗಬೇಕಿಲ್ಲ ಎಂದಿದ್ದೀರಿ. ಇದೊಂದು ಮಾತು ನನಗೆ ಒಪ್ಪಿಗೆಯಿಲ್ಲ. ನಾನು ಪುಣೆಯ ಒಂದು ವಿಶ್ವವಿದ್ಯಾಲಯದ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ) ಲ್ಯಾಬಿನಲ್ಲಿದ್ದೇನೆ. ಪುಕ್ಕಟೆ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಪಿಕ್ಸೆಲ್ (ಚಿತ್ರದ ಒಂದು ಚುಕ್ಕಿ) ಅಂದರೆ ನೆಲದ ಮೇಲೆ ಕಮ್ಮಿ ಅಂದರೂ 10 ಮೀಟರ್. ಮಳೆಗಾಲದಲ್ಲಿ, ಅಂದರೆ ನಮಗೆ ಬೇಕಾದಾಗಲೇ, ಬರೀ ಮೋಡ.

ಪುಣೆಯಲ್ಲೇ ಕಾತ್ರಜ್ ಕಡೆಯಿಂದ ಬಂದು ಮುಠಾ ನದಿ ಸೇರುವ ಆಂಬಿಲ್ ಓಢಾ ನೋಡಿ. (ಓಢಾ ಅಂದ್ರೆ ನಮ್ಮ ಹಳ್ಳವೇ.) ಮನೆಗಳ ಮಧ್ಯೆ ಇಕ್ಕಟ್ಟಾಗಿ ಹೋಗುವ ಈ ಹಳ್ಳ 2019ರ ಸೆಪ್ಟೆಂಬರ್ 25ರ ರಾತ್ರಿ ಉಕ್ಕಿತು, ಜನ ಸತ್ತರು. ಆಮೇಲೆ ನೀರಿನ ಮಟ್ಟ ಗುರುತು ಮಾಡಲು ಹೋದಾಗ ದಡದಲ್ಲಿ ಮನೆ ಇರುವ, ನಮ್ಮ ವಿಜಯಪುರ ಕಡೆಯಿಂದ ಬಂದ ಅಜ್ಜಿಯೊಬ್ಬರು ಗೋಡೆ ಮುಟ್ಟಿ ತೋರಿಸಿದರು: "ಇಲ್ಲೀತನಕ ಬಂದಿತ್ತು ನೋಡಪಾ ತಮ್ಮಾ." ಟೇಪ್ ಹಿಡಿದು ಅಳೆದೆ. ಆ ಗೆರೆ ನಮ್ಮ ಯಾವ ಚಿತ್ರದಲ್ಲೂ ಇರಲಿಲ್ಲ.

ಇನ್ನು ಹಳೆಯ ಟೊಪೊಶೀಟ್, ಅಂದರೆ ಸರ್ವೆಯವರ ಹಳೆಯ ನಕ್ಷೆ. ಅದು ಎವರೆಸ್ಟ್ ಡೇಟಂ, ಜಿಪಿಎಸ್ ಡಬ್ಲ್ಯೂಜಿಎಸ್ 84; ಅಂದರೆ ಅಕ್ಷಾಂಶ-ರೇಖಾಂಶ ಲೆಕ್ಕ ಹಾಕುವ ಆಧಾರವೇ ಎರಡರಲ್ಲೂ ಬೇರೆ. ಸುಮ್ನೆ ಒಂದರ ಮೇಲೊಂದು ಇಟ್ಟರೆ ಹಳ್ಳ ಪಕ್ಕದ ಸೊಸೈಟಿ ಒಳಗೆ ಹರಿಯುತ್ತದೆ! ನಮ್ಮ ಹುಡುಗರು ಪ್ರತಿ ವರ್ಷ ಮಾಡುವ ತಪ್ಪಿದು. ಜಾಗ ನೋಡಿ ಬಂದವರು ಮಾತ್ರ ತಕ್ಷಣ ಹಿಡಿಯುತ್ತಾರೆ.

ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್ ಬಗ್ಗೆ ನೀವು ಬರೆದದ್ದು ಸರಿ ಇದೆ, ನಾವೂ ಅದನ್ನೇ ಬಳಸುತ್ತೇವೆ. ಆದರೆ "ಹೊರಗೆ ಹೋಗಬೇಕಿಲ್ಲ" ಅಂತ ಬರೆಯಬೇಡಿ ಸರ್. ನಮ್ಮ ಫೀಲ್ಡ್‌ವರ್ಕ್ ದುಡ್ಡು ಮೊದಲೇ ಕಮ್ಮಿ, ಕಡಿತ ಮಾಡುವವರಿಗೆ ಇಷ್ಟು ಸಾಕು ಅಲ್ವಾ?